ಕಪ್ಪು ಎರಡರ ಭಾಗವತರು ಬಿಳಿ ಮೂರೂವರೆಗೆ ಏರಿದ ಪ್ರಕರಣ

“ಭಾಗವತರು ನಡುವಿನಲ್ಲಿ ಶ್ರುತಿ ಏರಿಸಿದ್ದು ಯಾಕೆ ಮಾರಾಯರೇ?”

ಜುಲೈ ತಿಂಗಳ ಒಂದು ಭಾನುವಾರ ಸಂಜೆ ಆರೂಕಾಲಕ್ಕೆ ಉಡುಪಿಯಿಂದ ಬಂದ ಕರೆಯ ಮೊದಲ ಮಾತು ಇದು. ಕರೆ ಮಾಡಿದವರು ನಿವೃತ್ತ ಮೇಷ್ಟರು, ಮನೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡವರು. ನಾನು ಆಗ ಮುಂಬೈಯ ಮಾಟುಂಗದಲ್ಲಿ, ತಾಳಮದ್ದಳೆ (ಹಾಡು ಮತ್ತು ಅರ್ಥಧಾರಿಗಳ ಮಾತಿನಲ್ಲೇ ನಡೆಯುವ ಯಕ್ಷಗಾನ) ನಡೆಯುತ್ತಿದ್ದ ಸಭಾಂಗಣದೊಳಗೆ, ಭಾಗವತರು ಹಾಡುತ್ತಿದ್ದ ಹಿಮ್ಮೇಳದಿಂದ ಹತ್ತು ಅಡಿ ದೂರದಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದೆ. ವೇದಿಕೆಯ ಶ್ರುತಿಪೆಟ್ಟಿಗೆ ಮಧ್ಯಾಹ್ನದಿಂದಲೂ ಕಪ್ಪು ಎರಡರಲ್ಲೇ, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಸ್ವರದಲ್ಲೇ, ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. “ಏರಿಸಿಲ್ಲ ಮೇಷ್ಟರೇ” ಎಂದೆ. “ಹಾಗಾದರೆ ನನ್ನ ಪೆಟ್ಟಿಗೆ ಸುಳ್ಳು ಹೇಳುತ್ತಿದೆಯೇ? ನಿಮ್ಮ ಭಾಗವತರು ಈಗ ಬಿಳಿ ಮೂರಕ್ಕೂ ಸೇರುವುದಿಲ್ಲ, ಬಿಳಿ ನಾಲ್ಕಕ್ಕೂ ಸೇರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಗಂಟಲು ಬೇರೆ ಕಟ್ಟುತ್ತದೆ” ಎಂದು ಫೋನಿಟ್ಟರು.

ಅಂತರಜಾಲದ ನೇರ ಪ್ರಸಾರ ಕೈಕೊಡುವ ಬಗೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ನಿಲ್ಲುವುದು, ತಡವರಿಸುವುದು, ಮೂಕವಾಗುವುದು ಗೊತ್ತು. ಶ್ರುತಿ ತಪ್ಪುವುದನ್ನು ಕೇಳಿದ್ದು ಅದೇ ಮೊದಲು. ಆ ದೂರಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದೆಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈಹಾಕುವ ಬೇರೆ ಬಳಗದವರಿಗೆ ಒಂದು ಭಾನುವಾರವಾದರೂ ಉಳಿದೀತು.

ಯಾಕೆ ಬರೀ ಧ್ವನಿ?

ನಮ್ಮದು ಮುಂಬೈ ಕನ್ನಡಿಗರ ಸಣ್ಣ ಬಳಗ. ತುಳುನಾಡಿನ ಪತ್ತನಾಜೆ ಪರ್ವಕ್ಕೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೆ ಮಳೆಗಾಲದ ಬಿಡುವು. ಆ ಬಿಡುವಿನಲ್ಲಿ ಅವರು ಮುಂಬೈಗೆ ಬರುವುದು, ಇಲ್ಲಿ ಸಾಲಾಗಿ ತಾಳಮದ್ದಳೆ ನಡೆಯುವುದು ಹಳೆಯ ರೂಢಿ. ಬದಲಾಗಿರುವುದು ಕೇಳುಗರ ವಿಳಾಸ. ಮಾಟುಂಗ, ವಡಾಲ, ಸಯನ್ ಸುತ್ತಮುತ್ತ ಇದ್ದ ಎಷ್ಟೋ ಸಂಸಾರಗಳು ಈಗ ಡೊಂಬಿವಲಿ, ಬದ್ಲಾಪುರ, ನಾಲಾಸೋಪಾರ ಸೇರಿವೆ. ಜುಲೈ ಮಳೆಯಲ್ಲಿ ಎಪ್ಪತ್ತು ದಾಟಿದವರು ಲೋಕಲ್ ರೈಲು ಹತ್ತಿ ಬರುವುದು ಆಗದ ಮಾತು. ಊರಿನಲ್ಲಿರುವ ಬಂಧುಗಳೂ ಗಲ್ಫಿನಲ್ಲಿರುವ ಮಕ್ಕಳೂ ಕೇಳಲು ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದರು.

ವಿಡಿಯೊ ಮಾಡೋಣ ಎಂದ ಯುವಕರ ಬಾಯಿಯನ್ನು ಕಾರ್ಯದರ್ಶಿಗಳು ಒಂದೇ ಮಾತಿನಲ್ಲಿ ಮುಚ್ಚಿಸಿದರು: “ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ನೋಡುವುದಕ್ಕೇನಿದೆ? ಪಂಚೆ ಉಟ್ಟ ಆರು ಜನ ಕುರ್ಚಿಯಲ್ಲಿ ಕೂತಿರುತ್ತಾರೆ.” ಲೆಕ್ಕವೂ ಅವರ ಪರವಾಗಿತ್ತು. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿಗೆ ಗಂಟೆಗೆ ಒಬ್ಬ ಕೇಳುಗನಿಗೆ 28.8 ಮೆಗಾಬೈಟ್ ಸಾಕು. ಮೂರು ಗಂಟೆಯ ಪ್ರಸಂಗವನ್ನು ನೂರು ಜನ ಪೂರ್ತಿ ಕೇಳಿದರೂ ಸರ್ವರ್‌ನಿಂದ ಹೊರಡುವುದು 8.64 ಗಿಗಾಬೈಟ್. ಫೋನಿನ ಪರದೆ ಆರಿಸಿ ಜೇಬಿಗೆ ಹಾಕಿಕೊಂಡು, ಆಕಾಶವಾಣಿ ಕೇಳಿದ ಹಾಗೆ ಕೇಳಬಹುದು.

ಸರ್ವರ್ ಸ್ಥಾಪಿಸಿದ್ದು

ಮೊದಲ ತಪ್ಪನ್ನು ಬೇಗ ಹೇಳಿ ಮುಗಿಸುತ್ತೇನೆ. ಹಣ ಉಳಿಸಲು ಕಾರ್ಯದರ್ಶಿಗಳ ಮನೆಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಲು ಹೊರಟು ಒಂದು ಇಡೀ ಭಾನುವಾರ ಕಳೆದೆ. ರೂಟರ್‌ನಲ್ಲಿ ಪೋರ್ಟ್ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಹೊರಗಿನಿಂದ ಯಾರಿಗೂ ಬಾಗಿಲು ಕಾಣಲಿಲ್ಲ. ರೂಟರ್‌ಗೆ ಸಿಕ್ಕ ವಿಳಾಸ 100.64ರಿಂದ ಶುರುವಾಗುವುದನ್ನು ಕಂಡಾಗ ತಲೆಗೆ ಹೊಳೆಯಿತು: ಅದು ಸೇವಾದಾರರು ತಮ್ಮೊಳಗೆ ಹಂಚಿಕೊಳ್ಳಲು ಮೀಸಲಾದ ವಿಳಾಸಗಳ ಸಾಲು. ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಎಷ್ಟೋ ಮನೆಗಳಿರುತ್ತವೆ, ಹೊರಗಿನವರು ಬಂದು ಬಾಗಿಲು ತಟ್ಟುವ ದಾರಿಯೇ ಇರುವುದಿಲ್ಲ. ಹೀಗಾಗಿ ಮುಂಬೈಯಲ್ಲೇ ದತ್ತಾಂಶ ಕೇಂದ್ರವಿರುವ ಒಂದು ಕಂಪನಿಯಿಂದ ಬಾಡಿಗೆ ಸರ್ವರ್ ಹಿಡಿದೆವು. ಒಂದು ಪ್ರೊಸೆಸರ್, ಒಂದು ಗಿಗಾಬೈಟ್ ಸ್ಮೃತಿ.

ಅಷ್ಟು ಸಣ್ಣದು ಸಾಕೇ ಎಂದು ಕೇಳಿದವರಿದ್ದಾರೆ. ಧಾರಾಳ ಸಾಕು. ನಾವು ಹಾಕಿದ್ದು ಐಸ್‌ಕಾಸ್ಟ್, ಕ್ಸಿಫ್ ಪ್ರತಿಷ್ಠಾನದ ಮುಕ್ತ ತಂತ್ರಾಂಶ. ಅದು ಧ್ವನಿಯನ್ನು ಅಳೆಯುವುದೂ ಇಲ್ಲ, ಬದಲಿಸುವುದೂ ಇಲ್ಲ. ಸಭಾಂಗಣದ ಲ್ಯಾಪ್‌ಟಾಪ್ ಕಳಿಸಿದ್ದನ್ನು ಪಡೆದು, ಕೇಳುಗರ ಸಂಖ್ಯೆಗೆ ತಕ್ಕಷ್ಟು ಪ್ರತಿ ಮಾಡಿ ಹಂಚುತ್ತದೆ. ಹೋಟೆಲಿನಲ್ಲಿ ಅಡುಗೆ ಮಾಡುವವನಲ್ಲ, ಬಡಿಸುವವನು. ಈ ಒಂದು ಸಂಗತಿಯನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದರೆ ಮೇಷ್ಟರ ದೂರಿನ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು: ಬಡಿಸುವವನು ಉಪ್ಪು ಹಾಕುವುದಿಲ್ಲ.

ಸಂರಚನೆಯ ಕಡತದಲ್ಲಿ ಮೂರು ಕಡೆ ‘ಹ್ಯಾಕ್‌ಮಿ’ ಎಂಬ ಗುಪ್ತಪದ ಮೊದಲಿನಿಂದಲೇ ಇರುತ್ತದೆ, ಅದನ್ನು ಬದಲಿಸದೆ ಬಿಟ್ಟವರು ಆ ಹೆಸರಿನ ಅರ್ಥವನ್ನು ಸ್ವಂತ ಅನುಭವದಿಂದ ತಿಳಿಯುತ್ತಾರೆ. ಕೇಳುಗರ ಮಿತಿ ನೂರು ಇತ್ತು, 250 ಮಾಡಿದೆ. ನಮ್ಮ ಮೌಂಟ್‌ಗೆ, ಅಂದರೆ ಪ್ರಸಾರದ ಬಾಗಿಲಿಗೆ, ‘ನೇರ’ ಎಂದು ಹೆಸರಿಟ್ಟೆ. ಮೂಲ, ಅಂದರೆ ಸಭಾಂಗಣದ ಲ್ಯಾಪ್‌ಟಾಪಿನ ಸಂಪರ್ಕ, ಕಡಿದುಹೋದರೆ ಕೇಳುಗರನ್ನು ಒಯ್ದು ನಿಲ್ಲಿಸಲು ಒಂದು ಬದಲಿ ಮೌಂಟ್ ಇಡಬಹುದು. ಅಲ್ಲಿ “ತಾಂತ್ರಿಕ ಅಡಚಣೆಗಾಗಿ ಕ್ಷಮಿಸಿ, ಪ್ರಸಾರ ಶೀಘ್ರವೇ ಮುಂದುವರಿಯಲಿದೆ” ಎಂದು ನನ್ನದೇ ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿ, ಎಂಪಿ3 ಮಾಡಿ ಹಾಕಿದೆ. ಮೂಲ ಮರಳಿದೊಡನೆ ಕೇಳುಗರನ್ನು ತಾನಾಗಿ ಹಿಂದಕ್ಕೆ ಕರೆತರುವ ಆಯ್ಕೆಯನ್ನೂ ಚಾಲೂ ಮಾಡಿದೆ. ಆ ಕಡತವನ್ನು ಫೋನು ಹೇಗೆ ಕೊಟ್ಟಿತೋ ಹಾಗೆಯೇ ಹಾಕಿದೆ. ಈ ವಾಕ್ಯವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನೊಂದು ಬದಲಾವಣೆಯೂ ಮಾಡಿದೆ, ಬುದ್ಧಿವಂತಿಕೆ ಎಂದುಕೊಂಡು. ಮೂಲದಿಂದ ಏನೂ ಬರದಿದ್ದರೆ ಐಸ್‌ಕಾಸ್ಟ್ ಹತ್ತು ಸೆಕೆಂಡು ಕಾದು ಸಂಪರ್ಕ ಕಡಿಯುತ್ತದೆ. ಮಳೆಗಾಲದ ನೆಟ್‌ವರ್ಕಿಗೆ ಹತ್ತು ಸೆಕೆಂಡು ಯಾವ ಮೂಲೆಗೆ ಎಂದು ಅದನ್ನು ಅರವತ್ತು ಮಾಡಿದೆ.

ತಾಲೀಮಿನಲ್ಲಿ ಸಿಕ್ಕವು

ಧ್ವನಿಯನ್ನು ಸರ್ವರ್‌ಗೆ ಕಳಿಸಲು ಲ್ಯಾಪ್‌ಟಾಪಿನಲ್ಲಿ ಬಳಸಿದ್ದು ‘ಬಟ್’ ಎಂಬ ಉಚಿತ ತಂತ್ರಾಂಶ. ಗಾತ್ರದಲ್ಲಿ ಚಿಕ್ಕದು, ನಂಬಿಕಸ್ಥ. ತಾಲೀಮಿಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಚ್ಚಿಟ್ಟು ಬೇರೆ ಕೋಣೆಯಲ್ಲಿ ಕೇಳುತ್ತ ಕೂತೆ. ಮೂರು ಸೆಕೆಂಡು ಶ್ರುತಿ ಕೇಳಿತು, ಆಮೇಲೆ ಕರಗಿಹೋಯಿತು. ಕೆಮ್ಮಿದರೆ ಕೆಮ್ಮು ಕೇಳುತ್ತದೆ, ಶ್ರುತಿ ಇಲ್ಲ. ಲ್ಯಾಪ್‌ಟಾಪಿನ ಧ್ವನಿ ಸಂಯೋಜನೆಯಲ್ಲಿ ಗದ್ದಲ ತಗ್ಗಿಸುವ ಸೌಲಭ್ಯ ಚಾಲೂ ಇತ್ತು. ಒಂದೇ ಸಮನೆ ಏರಿಳಿತವಿಲ್ಲದೆ ಬರುವ ಸದ್ದೆಲ್ಲ ಅದರ ಪಾಲಿಗೆ ಫ್ಯಾನಿನ ಸದ್ದು. ತಲೆತಲಾಂತರದಿಂದ ಷಡ್ಜ ಹಿಡಿದು ಕೂತ ಸಂಗೀತವನ್ನು ಅದು ಫ್ಯಾನೆಂದು ಒರೆಸಿಹಾಕಿತ್ತು! ಕಚೇರಿ ಸಭೆಗಳಿಗೆ ಮಾಡಿದ ಸೌಲಭ್ಯ, ತಪ್ಪು ನಮ್ಮದೇ. ಅದನ್ನು ಆರಿಸಿ, ಲ್ಯಾಪ್‌ಟಾಪಿನ ಮೈಕ್ ತೂತನ್ನೇ ಬಿಟ್ಟು ಯುಎಸ್‌ಬಿ ಧ್ವನಿಪೆಟ್ಟಿಗೆಯೊಂದನ್ನು ಕೊಂಡೆವು. ಚೆಂಡೆಯ ಪೆಟ್ಟಿಗೆ ಸೂಚಕ ಕೆಂಪು ಮುಟ್ಟದ ಹಾಗೆ ಮಟ್ಟವನ್ನು ಸಾಕಷ್ಟು ಕೆಳಗಿಟ್ಟೆವು.

ಎರಡನೆಯದು ಜಾಲತಾಣದ ತೊಡಕು. ಬಳಗದ ಪುಟ ಬೀಗವಿರುವ ಎಚ್‌ಟಿಟಿಪಿಎಸ್‌ನಲ್ಲಿತ್ತು, ಪ್ರಸಾರ ಮಾತ್ರ 8000ನೆಯ ಪೋರ್ಟಿನಲ್ಲಿ ಬೀಗವಿಲ್ಲದ ಎಚ್‌ಟಿಟಿಪಿ. 2020ರಿಂದ ಕ್ರೋಮ್ ಬ್ರೌಸರ್ ಇಂಥ ಬೆರಕೆಯಲ್ಲಿ ಧ್ವನಿಯ ಕೊಂಡಿಯನ್ನೂ ಎಚ್‌ಟಿಟಿಪಿಎಸ್‌ಗೆ ಏರಿಸಿ ಹುಡುಕುತ್ತದೆ, ಸಿಗದಿದ್ದರೆ ತುಟಿ ಬಿಚ್ಚದೆ ಕೂರುತ್ತದೆ. ಐಸ್‌ಕಾಸ್ಟಿನ ಮುಂದೆ ಎನ್‌ಜಿನ್‌ಎಕ್ಸ್ ಎಂಬ ಮಧ್ಯವರ್ತಿ ತಂತ್ರಾಂಶವನ್ನು ಇಟ್ಟು, ಬೀಗಕ್ಕೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಹಾಕಿ, 443ನೆಯ ಪೋರ್ಟಿನಿಂದ ಹಂಚಿದೆವು. 8000ವನ್ನು ತಡೆಯುವ ಕಚೇರಿ ನೆಟ್‌ವರ್ಕುಗಳಲ್ಲೂ ಇದರಿಂದ ದಾರಿ ಸಿಕ್ಕಿತು. ಒಂದು ಸಣ್ಣ ನಷ್ಟವೆಂದರೆ ಐಸ್‌ಕಾಸ್ಟಿನ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ದಿನಚರಿಯಲ್ಲಿ, ಕೇಳುಗರೆಲ್ಲರೂ ಸರ್ವರ್‌ನ ಸ್ವಂತ ವಿಳಾಸವಾದ 127.0.0.1 ಎಂಬ ಒಂದೇ ಮನೆಯವರಾಗಿಬಿಟ್ಟರು.

ಮೂರನೆಯದು ನಮ್ಮಂಥವರಿಗೆ ಮಾತ್ರ ಬರುವ ರೋಗ. ಪ್ರಸಂಗದ ಹೆಸರನ್ನು ಕನ್ನಡದಲ್ಲಿ ಬರೆದರೆ ಕೇಳುಗರ ಪರದೆಯಲ್ಲಿ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ ಕಾಣುತ್ತಿತ್ತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಚಿಹ್ನೆಗೂ ಮೂರು ಬೈಟ್. ಎಂಪಿ3 ಮೌಂಟ್‌ನ ಶೀರ್ಷಿಕೆಯನ್ನು ಐಸ್‌ಕಾಸ್ಟ್, ಬೇರೆ ಹೇಳದಿದ್ದರೆ, ರೋಮನ್ ಅಕ್ಷರಗಳ ಹಳೆಯ ಸಂಕೇತವಾದ ಲ್ಯಾಟಿನ್-1 ಎಂದೇ ಓದುತ್ತದೆ, ಮೂರು ಬೈಟು ಮೂರು ಅಕ್ಷರಗಳಾಗುತ್ತವೆ. ಮೌಂಟ್‌ನ ಸಂರಚನೆಯಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದು ಒಂದು ಸಾಲು ಸೇರಿಸಿದ ಮೇಲೆ ಸರಿಯಾಯಿತು.

ಇಷ್ಟಾದ ಮೇಲೆ ಎರಡು ತಾಲೀಮು ತಡೆಯಿಲ್ಲದೆ ನಡೆದವು. ಎರಡರಲ್ಲೂ ನಾನು ಬದಲಿ ಮೌಂಟನ್ನು ಪರೀಕ್ಷಿಸಲಿಲ್ಲ. ಪ್ರಸಾರ ನಿಂತರೆ ತಾನೇ ಅದರ ಕೆಲಸ?

ಭಾನುವಾರ

ಐರೋಲಿಯ ಕಚೇರಿಯಲ್ಲಿ ಅಂದು ಮೂರರವರೆಗೆ ನನಗೆ ಪಾಳಿಯಿತ್ತು. ಲ್ಯಾಪ್‌ಟಾಪಿನ ಮುಂದೆ ಕಾಲೇಜು ಓದುವ ಹುಡುಗನೊಬ್ಬನನ್ನು ಕೂರಿಸಿದ್ದೆ, ಚುರುಕಾದವನು. ಬೆಳಗ್ಗೆಯೇ ಹೋಗಿ ಸಭಾಂಗಣದ ವೈಫೈ ಅಳೆದು, ಅಪ್‌ಲೋಡ್ ಸೆಕೆಂಡಿಗೆ ಹತ್ತು ಮೆಗಾಬಿಟ್ ಎಂದು ತಿಳಿಸಿದ್ದ. ನಮಗೆ ಬೇಕಾದದ್ದು ಅದರ ನೂರೈವತ್ತನೇ ಒಂದು ಪಾಲು.

ಮೂರಕ್ಕೆ ಪ್ರಸಾರ ಶುರುವಾಯಿತು. ಪ್ರಸಂಗ ವಾಲಿಯದು. ಠಾಣೆಯಲ್ಲಿ ರೈಲು ಬದಲಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳುತ್ತ ಬಂದೆ. ಭಾಗವತಿಕೆ ಸ್ವಚ್ಛ, ಮದ್ದಳೆಯ ಧೀಂಕಾರ ಸ್ವಚ್ಛ. ವಿಕ್ರೋಲಿ ದಾಟಿದ ಮೇಲೆ ರೈಲು ನಿಂತಿತು. ಮುಂದೆ ಕುರ್ಲಾ–ಸಯನ್ ನಡುವೆ ಹಳಿಯ ಮೇಲೆ ನೀರು. ಮುಂಬೈಯಲ್ಲಿ ಜುಲೈ ತಿಂಗಳಿನಲ್ಲಿ ಇದೊಂದು ಸುದ್ದಿಯೇ ಅಲ್ಲ. ಹೊರಗೆ ಮಳೆ, ಒಳಗೆ ಬೆವರು, ಕಿವಿಯಲ್ಲಿ ವಾಲಿ–ತಾರೆಯರ ಸಂವಾದ.

4:52ಕ್ಕೆ ಸದ್ದಡಗಿತು. ರೈಲಿನ ಸಿಗ್ನಲ್ ಹೋಗಿರಬೇಕು ಎಂದುಕೊಂಡೆ. ಸುಮಾರು ಒಂದು ನಿಮಿಷ ಕಳೆದು ನನ್ನದೇ ಧ್ವನಿ ಬಂತು: ತಾಂತ್ರಿಕ ಅಡಚಣೆಗಾಗಿ ಕ್ಷಮಿಸಿ. ಧ್ವನಿ ತುಸು ದಪ್ಪಗೆ, ನಿಧಾನವಾಗಿ, ಧೀರೋದಾತ್ತ ನಾಯಕನ ಹಾಗಿತ್ತು. ನನಗೆ ಇಷ್ಟು ಗಾಂಭೀರ್ಯ ಎಲ್ಲಿಂದ ಬಂತು ಎಂದು ಒಳಗೊಳಗೇ ಸಂತೋಷಪಟ್ಟೆನೇ ಹೊರತು ಅನುಮಾನ ಪಡಲಿಲ್ಲ.

ಹತ್ತು ನಿಮಿಷ ಕಾದರೂ ಕ್ಷಮಾಪಣೆ ನಿಲ್ಲಲಿಲ್ಲ. ಹುಡುಗನಿಗೆ ಫೋನ್ ಮಾಡಿದೆ. “ಅಣ್ಣ, ನಡುವೆ ಒಮ್ಮೆ ಹೋಗಿತ್ತು, ಆಗಲೇ ಸರಿಮಾಡಿದ್ದೇನೆ. ಕೆಂಪು ದೀಪ ಉರಿಯುತ್ತಿದೆ, ಸೆಕೆಂಡು ಓಡುತ್ತಿದೆ, ಡೇಟಾ ಹೋಗುತ್ತಿದೆ” ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಾಗಿ ಇನ್ನೂ ಹದಿನೈದು ನಿಮಿಷ ನಾನು ನನ್ನ ಫೋನನ್ನೇ ದೂರುತ್ತ ಕಳೆದೆ. ಅಷ್ಟರಲ್ಲಿ ಬದ್ಲಾಪುರದಿಂದ, ಕುಂದಾಪುರದಿಂದ, ದುಬೈಯಿಂದ ಸಂದೇಶಗಳು: “ನಿಮ್ಮ ಭಾಷಣ ಎಷ್ಟು ಹೊತ್ತು?”

ಲಾಗ್ ಹೇಳಿದ್ದು

ಫೋನಿನ ಗಾಜಿನ ಮೇಲೆ ಬೆರಳಿನಿಂದ ಆದೇಶ ಒತ್ತುತ್ತ ಸರ್ವರ್‌ಗೆ ಹೊಕ್ಕೆ. ಎರಡು ಬಾರಿ ಸಂಪರ್ಕ ತಪ್ಪಿತು. ದೋಷದ ಲಾಗ್‌ನಲ್ಲಿ 4:52ರ ಸುತ್ತ ಒಂದು ಸಾಲೂ ಕಾಣಲಿಲ್ಲ. ಗಾಬರಿಯಾಗಿ ಐದು ನಿಮಿಷ ಹುಡುಕಿದ ಮೇಲೆ ನೆನಪಾಯಿತು: ಸರ್ವರ್‌ನ ಗಡಿಯಾರ ಗ್ರೀನ್‌ವಿಚ್ ಕಾಲದ್ದು, ಐದೂವರೆ ಗಂಟೆ ಕಳೆದು ನೋಡಬೇಕು. 11:22ರಲ್ಲಿ ಎಲ್ಲವೂ ಇತ್ತು. ಇಲ್ಲಿ ಭಾರತೀಯ ಕಾಲದಲ್ಲೇ ಬರೆಯುತ್ತೇನೆ.

4:52:10ಕ್ಕೆ ಲ್ಯಾಪ್‌ಟಾಪಿನಿಂದ ಕೊನೆಯ ಧ್ವನಿ ಬಂದಿದೆ. 4:52:31ಕ್ಕೆ ಹೊಸ ವಿಳಾಸದಿಂದ ಒಂದು ಸಂಪರ್ಕ ಬಂದು ‘ನೇರ’ ಬಾಗಿಲು ತಟ್ಟಿದೆ. ಈ ಬಾಗಿಲು ಬಳಕೆಯಲ್ಲಿದೆ ಎಂದು ಸರ್ವರ್ ಹಿಂದಕ್ಕೆ ಕಳಿಸಿದೆ. 4:52:44ಕ್ಕೆ ಮತ್ತೆ ಅದೇ. 4:52:58ಕ್ಕೆ ಮತ್ತೊಮ್ಮೆ ಅದೇ. 4:53:06ಕ್ಕೆ ‘ನೇರ2’ ಎಂಬ ಹೊಸ ಬಾಗಿಲು ಹುಟ್ಟಿದೆ, ಸಂಪರ್ಕ ಯಶಸ್ವಿ. 4:53:10ಕ್ಕೆ ಕಾಲಮಿತಿ ಮೀರಿ ಹಳೆಯ ಮೂಲದ ಕಡಿತ, ಕೇಳುಗರು ಬದಲಿ ಮೌಂಟ್‌ಗೆ.

ನಾಲ್ಕು ಸೆಕೆಂಡು. ಹುಡುಗ ಇನ್ನು ನಾಲ್ಕು ಸೆಕೆಂಡು ತಡೆದಿದ್ದರೆ ಹಳೆಯ ಹೆಸರಿಗೇ ಬಾಗಿಲು ತೆರೆಯುತ್ತಿತ್ತು. ಅಥವಾ ನಾನು ಆ ಹತ್ತನ್ನು ಅರವತ್ತು ಮಾಡದೆ ಇದ್ದಿದ್ದರೆ 4:52:20ಕ್ಕೇ ಹಳೆಯ ಸಂಪರ್ಕ ಸತ್ತು, 31ಕ್ಕೆ ಬಂದ ಅವನ ಮೊದಲ ಪ್ರಯತ್ನವೇ ಗೆಲ್ಲುತ್ತಿತ್ತು. ಇಲ್ಲಿ ತಪ್ಪು ಹುಡುಗನ ತಲೆಗೆ ಬರುವುದಿಲ್ಲ ಎಂಬುದು ನನ್ನ ತೀರ್ಮಾನ. ತಿರಸ್ಕಾರದ ಸಂದೇಶ ಕಂಡು ಗುಪ್ತಪದ ತಪ್ಪಿರಬೇಕು ಎಂದುಕೊಂಡನಂತೆ. ಗುಪ್ತಪದ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹೆಸರು ಬದಲಿಸಿ ನೋಡಿದ. ಕೆಂಪು ದೀಪ ಉರಿಯಿತು, ಮನಸ್ಸು ಹಗುರಾಯಿತು. ಖಾಲಿ ಮನೆಗೆ ಭಾಗವತಿಕೆ ಹರಿಯುತ್ತಿತ್ತು: ‘ನೇರ2’ ಮೌಂಟ್‌ನ ಕೇಳುಗರ ಸಂಖ್ಯೆ ಸೊನ್ನೆ. ಅತ್ತ ಎಪ್ಪತ್ತಕ್ಕೂ ಹೆಚ್ಚು ಜನ ನನ್ನ ಕ್ಷಮಾಪಣೆ ಕೇಳುತ್ತ ಕೂತಿದ್ದರು.

ಒಂದು ಮೌಂಟ್‌ನ ಕೇಳುಗರನ್ನು ಇನ್ನೊಂದಕ್ಕೆ ಸಾಗಿಸುವ ಗುಂಡಿ ಐಸ್‌ಕಾಸ್ಟಿನ ಆಡಳಿತ ಪುಟದಲ್ಲಿದೆ. ಆದರೆ ಆಮೇಲೆ ಬರುವವರು ಹಳೆಯ ಕೊಂಡಿಯನ್ನೇ ಒತ್ತುತ್ತಾರೆ. ಆದ್ದರಿಂದ ಹುಡುಗನಿಗೆ ಹೆಸರನ್ನು ಮೊದಲಿನಂತೆ ಮಾಡಲು ಹೇಳಿದೆ. 5:35ಕ್ಕೆ ಪ್ರಸಾರ ಮರಳಿತು. ಆ ನಲವತ್ತೆರಡು ನಿಮಿಷದಲ್ಲಿ ರಾಮ ಬಾಣ ಹೂಡಿದ್ದ, ವಾಲಿ ಬಿದ್ದಿದ್ದ. ಮರದ ಮರೆಯಿಂದ ಹೊಡೆದದ್ದು ಸರಿಯೇ ಎಂಬ ವಾದ ಅರ್ಧಕ್ಕೆ ಬಂದಿತ್ತು.

ಸಂಪರ್ಕ ಹೋಗಿದ್ದಾದರೂ ಏಕೆ? ಉತ್ತರ ಸಭಾಂಗಣದ ಬಾಗಿಲ ಬಳಿಯ ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿತ್ತು. ಅತಿಥಿಗಳಿಗೆ ಅನುಕೂಲವಾಗಲೆಂದು ಯಾರೋ ಸೌಜನ್ಯದಿಂದ ವೈಫೈ ಗುಪ್ತಪದ ಬರೆದಿಟ್ಟಿದ್ದರು. 4:50ಕ್ಕೆ ಚಹಾ, ಬಟಾಟೆವಡೆ. ಕೂತಿದ್ದವರೆಲ್ಲ ಎದ್ದು, ಮಧ್ಯಾಹ್ನದಿಂದ ತೆಗೆದ ವಿಡಿಯೊಗಳನ್ನು ಒಟ್ಟಿಗೇ ವಾಟ್ಸ್ಆ್ಯಪ್‌ಗೆ ಏರಿಸತೊಡಗಿದರು. ಬೆಳಗ್ಗೆ ಅಳೆದ ಹತ್ತು ಮೆಗಾಬಿಟ್ ಖಾಲಿ ಸಭಾಂಗಣದ್ದು. ದಾದರ್ ಸೇತುವೆಯ ಮೇಲೆ ಸಂಜೆ ಏಳಕ್ಕೆ ಕೈಯಲ್ಲಿ ಒಂದೇ ಒಂದು ಚೀಟಿ ಹಿಡಿದು ಹೋಗುವವನೂ ಗೋಣಿಚೀಲ ಹೊತ್ತವನ ಹಿಂದೆಯೇ ನಡೆಯಬೇಕು. ನಮ್ಮ ಸಣ್ಣ ಪ್ರಸಾರ ರೂಟರ್‌ನ ಸಾಲಿನಲ್ಲಿ ಹಾಗೆ ಸಿಕ್ಕಿಬಿತ್ತು. ಹುಡುಗ ಸಮಯಸ್ಫೂರ್ತಿಯಿಂದ ತನ್ನ ಫೋನಿನ ಹಾಟ್‌ಸ್ಪಾಟ್‌ಗೆ ಹಾರಿದ. ವಿಳಾಸ ಬದಲಾಯಿತು, ಹಳೆಯ ಸಂಪರ್ಕ ಬೀಳ್ಕೊಡದೆ ಹೋಯಿತು. ಅದು ಇನ್ನೂ ಬದುಕಿದೆ ಎಂದು ಸರ್ವರ್ ಅರವತ್ತು ಸೆಕೆಂಡು ನಂಬಿಕೊಂಡಿತ್ತು.

ಮೇಷ್ಟರ ಶ್ರುತಿ

ಆರರ ಸುಮಾರಿಗೆ ಮಾಟುಂಗ ತಲುಪಿದೆ. ಎಲ್ಲ ಸರಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಉಡುಪಿಯ ಆ ಕರೆ ಬಂತು. ಲ್ಯಾಪ್‌ಟಾಪಿಗೆ ಕಿವಿಗೊಟ್ಟೆ, ಸರಿಯಾಗಿತ್ತು. ನನ್ನ ಫೋನಿನಲ್ಲಿ ಕೇಳಿದೆ, ಅಲ್ಲೂ ಸರಿಯಾಗಿತ್ತು. ವಯಸ್ಸಾದವರ ಕಿವಿ ಎಂದು ಬಿಟ್ಟುಬಿಡುವ ಮನಸ್ಸಾಯಿತು. ಆದರೆ “ಮೂರಕ್ಕೂ ಸೇರುವುದಿಲ್ಲ, ನಾಲ್ಕಕ್ಕೂ ಸೇರುವುದಿಲ್ಲ” ಎಂದು ಅಷ್ಟು ಕರಾರುವಾಕ್ಕಾಗಿ ಹೇಳುವವರ ಕಿವಿಯನ್ನು ತಳ್ಳಿಹಾಕುವ ಧೈರ್ಯ ಬರಲಿಲ್ಲ.

ಮರುದಿನ ಒಂಬತ್ತು ಜನರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ: ಯಾವುದರಲ್ಲಿ ಕೇಳಿದಿರಿ, ಎಷ್ಟು ಹೊತ್ತಿಗೆ ತೆರೆದಿರಿ? ಉತ್ತರಗಳನ್ನು ಕಾಗದದ ಮೇಲೆ ಬರೆದಾಗ ಚಿತ್ರ ತಾನಾಗಿ ಮೂಡಿತು. ಬಳಗದ ಪುಟವನ್ನು ಬ್ರೌಸರಿನಲ್ಲಿ ತೆರೆದಿದ್ದವರಿಗೆ 4:53ಕ್ಕೆ ಪ್ರಸಾರ ಪೂರ್ತಿ ನಿಂತಿತ್ತು, ಪುಟವನ್ನು ಮತ್ತೆ ತೆರೆಯಬೇಕಾಯಿತು. ರೇಡಿಯೊ ಆ್ಯಪ್‌ಗಳಲ್ಲಿ ಕೆಲವಕ್ಕೆ ಏನೂ ಆಗಿರಲಿಲ್ಲ. ಒಂದು ಬಗೆಯ ಹಳೆಯ ಆ್ಯಪ್‌ನವರಲ್ಲಿ ಎರಡು ಪಂಗಡ. ಮೂರು ಗಂಟೆಯಿಂದಲೇ ಕೇಳುತ್ತಿದ್ದವರಿಗೆ ನನ್ನ ಪ್ರಕಟಣೆ ದಪ್ಪಗೆ ಕೇಳಿಸಿದೆ, ಆಮೇಲಿನ ಭಾಗವತಿಕೆ ಸರಿ. ಪ್ರಕಟಣೆ ನಡೆಯುವಾಗ ತೆರೆದವರಿಗೆ ಪ್ರಕಟಣೆ ಸರಿ, ಆಮೇಲಿನ ಭಾಗವತಿಕೆ ಏರಿದೆ. ಮೇಷ್ಟರು ಊಟದ ನಂತರದ ನಿದ್ದೆ ಮುಗಿಸಿ ಐದು ಗಂಟೆಗೆ ತೆರೆದವರು. ನಾನು ಮೊದಲ ಪಂಗಡದವನು, ಆ ಗಾಂಭೀರ್ಯದ ಗುಟ್ಟು ಅಲ್ಲಿ ಬಯಲಾಯಿತು.

ನೇರ ಪ್ರಸಾರ ಸೆಕೆಂಡಿಗೆ 44,100 ಮಾದರಿಗಳ (ಧ್ವನಿಯ ಅಳತೆಗಳ) ದರದಲ್ಲಿತ್ತು. ಫೋನಿನಲ್ಲಿ ಮುದ್ರಿಸಿದ ಪ್ರಕಟಣೆ 48,000ದ ದರದಲ್ಲಿತ್ತು. ಎಂಪಿ3 ಧ್ವನಿ ಸಣ್ಣ ಸಣ್ಣ ಚೌಕಟ್ಟುಗಳಾಗಿ ಬರುತ್ತದೆ, ಪ್ರತಿಯೊಂದರ ತಲೆಯಲ್ಲೂ ಅದರ ದರ ಬರೆದಿರುತ್ತದೆ. ಶ್ರದ್ಧೆಯ ಆ್ಯಪ್ ಪ್ರತಿ ಬಾರಿಯೂ ಅದನ್ನು ಓದುತ್ತದೆ. ಸೋಮಾರಿ ಆ್ಯಪ್ ಮೊದಲನೆಯದನ್ನು ಓದಿ, ಕೊನೆತನಕ ಅದೇ ಎಂದು ಭಾವಿಸುತ್ತದೆ. 44,100ಕ್ಕೆ ಹೊಂದಿಕೊಂಡು ಕೂತ ಆ್ಯಪ್‌ಗೆ 48,000ದ ಧ್ವನಿ ಕೊಟ್ಟರೆ ನಿಧಾನವಾಗಿ, ದಪ್ಪಗೆ ನುಡಿಯುತ್ತದೆ. 48,000ಕ್ಕೆ ಹೊಂದಿಕೊಂಡದ್ದಕ್ಕೆ 44,100ರ ಧ್ವನಿ ಕೊಟ್ಟರೆ ವೇಗವಾಗಿ, ಏರಿ ನುಡಿಯುತ್ತದೆ. ಐಸ್‌ಕಾಸ್ಟ್ ಇದರಲ್ಲಿ ಕೈಯಾಡಿಸುವುದಿಲ್ಲ, ಬಡಿಸುವವನು ಅದು.

ಮನೆಯಲ್ಲಿ ಅದನ್ನು ಮತ್ತೆ ಮಾಡಿ ನೋಡಿದೆ. ಶ್ರುತಿಪೆಟ್ಟಿಗೆಯನ್ನು ಕಪ್ಪು ಎರಡಕ್ಕೆ ಇಟ್ಟು ಪ್ರಸಾರ ಮಾಡಿ, ಬೇಕೆಂದೇ ಕಡಿದು, ಪ್ರಕಟಣೆಯ ಹೊತ್ತಿನಲ್ಲಿ ಆ ಹಳೆಯ ಆ್ಯಪ್ ತೆರೆದು, ಮತ್ತೆ ಪ್ರಸಾರ ಶುರುಮಾಡಿದೆ. ಶ್ರುತಿ ಅಳೆಯುವ ಮಾಪಕದಲ್ಲಿ 311 ಹರ್ಟ್ಸ್ ಇದ್ದದ್ದು 338ರಿಂದ 339ರ ನಡುವೆ ನಿಂತಿತು. ಬಿಳಿ ಮೂರು ಸುಮಾರು 330, ಬಿಳಿ ನಾಲ್ಕು 349. ಸರಿಯಾಗಿ ನಡುಮಧ್ಯ. ಗಂಟಲು ಕಟ್ಟಿದ ದೂರಿಗೂ ಲೆಕ್ಕ ಕೂಡಿತು. ಸಂಪರ್ಕ ಸಿಕ್ಕ ಕೂಡಲೇ ಐಸ್‌ಕಾಸ್ಟ್ ಕೇಳುಗನಿಗೆ ಸುಮಾರು 64 ಕಿಲೋಬೈಟ್ ಧ್ವನಿಯನ್ನು ಒಮ್ಮೆಲೇ ಸುರಿಯುತ್ತದೆ, ನಮ್ಮ ದರದಲ್ಲಿ ಎಂಟು ಸೆಕೆಂಡಿನ ದಾಸ್ತಾನು. ಆ್ಯಪ್ ಸೆಕೆಂಡಿಗೆ ಬರುವುದಕ್ಕಿಂತ ನೂರಕ್ಕೆ ಒಂಬತ್ತರಷ್ಟು ಹೆಚ್ಚು ತಿನ್ನುತ್ತಿದ್ದರೆ ಆ ದಾಸ್ತಾನು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಬಿಕ್ಕಳಿಕೆ. ಮೇಷ್ಟರ ದೂರಿನ ಎರಡು ವಾಕ್ಯಗಳು ಒಂದೇ ರೋಗದ ಎರಡು ಲಕ್ಷಣಗಳಾಗಿದ್ದವು, ನಾನು ಅವನ್ನು ಎರಡು ದೂರು ಎಂದು ಓದಿದ್ದೆ.

ದಾಸ್ತಾನಿನ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಕಿಲೋಬಿಟ್) ಏರಿಸಿದರೆ ಗುಣಮಟ್ಟ ಹೆಚ್ಚುತ್ತದೆ ಎಂದು 128 ಇಡಲು ಒತ್ತಾಯ ಮಾಡಿದವರಿದ್ದರು. ಅದೇ 64 ಕಿಲೋಬೈಟ್ 128ರಲ್ಲಿ ಬರೀ ನಾಲ್ಕು ಸೆಕೆಂಡಿಗೆ ಸಾಲುತ್ತದೆ. ಸುರಂಗ ಹೊಕ್ಕ ರೈಲಿನಲ್ಲಿ ಕೇಳುವವನಿಗೆ ಎಂಟು ಸೆಕೆಂಡೇ ಮೇಲು. ಮಾತು ಮತ್ತು ಒಂದೇ ಭಾಗವತಿಕೆಗೆ 64ರ ಮೊನೊ ಸಾಕು ಎಂಬುದರಲ್ಲಿ ನಾನು ಈಗಲೂ ಬದಲಾಗಿಲ್ಲ.

ಮುಂದಿನ ಪ್ರಸಂಗಕ್ಕೆ

ಎರಡು ವಾರದ ನಂತರ ಮತ್ತೊಂದು ತಾಳಮದ್ದಳೆ ಇತ್ತು. ಪ್ರಕಟಣೆಯನ್ನು 44,100, ಮೊನೊ, 64ಕ್ಕೆ ಮರುಮುದ್ರಿಸಿದೆ. ಅರವತ್ತು ಮತ್ತೆ ಹತ್ತಾಯಿತು. ಪ್ರಸಾರದ ಲ್ಯಾಪ್‌ಟಾಪಿಗೆ ಬೇರೆ ಸಿಮ್ ಹಾಕಿದ ಡಾಂಗಲ್ ಕೊಟ್ಟು, ಸಭಾಂಗಣದ ವೈಫೈಯನ್ನು ವಡೆ ತಿನ್ನುವವರಿಗೇ ಬಿಟ್ಟೆವು. ಲ್ಯಾಪ್‌ಟಾಪಿನ ಅಂಚಿಗೆ ಒಂದು ಚೀಟಿ ಅಂಟಿಸಿದೆ: “ಹೆಸರು ಬದಲಿಸಬೇಡ. ಮೂವತ್ತು ಸೆಕೆಂಡು ಕಾಯಿ. ಆಮೇಲೆ ಅಣ್ಣನಿಗೆ ಫೋನ್.” ಬಟ್ ತಂತ್ರಾಂಶ ಪ್ರಸಾರದ ಜೊತೆಗೇ ಲ್ಯಾಪ್‌ಟಾಪಿನಲ್ಲಿ ಮುದ್ರಣವನ್ನೂ ಮಾಡಿಕೊಳ್ಳುತ್ತದೆ, ಅದನ್ನೂ ಚಾಲೂ ಮಾಡಿಸಿದೆ. ಮೊದಲ ದಿನ ಅದನ್ನು ಮರೆತ ಕಾರಣ ವಾಲಿವಧೆ ಯಾರ ಬಳಿಯೂ ಉಳಿದಿಲ್ಲ. ಹುಡುಗನ ಪಕ್ಕದಲ್ಲಿ ಎರಡನೆಯ ಫೋನೊಂದನ್ನು ಇಟ್ಟೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುಗನ ಹಾಗೆ ಹೊರಗಿನ ದಾರಿಯಿಂದ ಕೇಳುತ್ತಲೇ ಇರಲು. ಕೆಂಪು ದೀಪದ ಮಾತನ್ನು ಇನ್ನು ನಂಬುವ ಹಾಗಿರಲಿಲ್ಲ.

ಪ್ರಸಂಗ ಶುರುವಾಗಿ ಒಂದು ಗಂಟೆಯ ನಂತರ ಬೇಕೆಂದೇ ಡಾಂಗಲ್ ಕಿತ್ತೆ. ಹತ್ತು ಸೆಕೆಂಡಿಗೆ ಪ್ರಕಟಣೆ, ಇಪ್ಪತ್ತೈದಕ್ಕೆ ಭಾಗವತರು ವಾಪಸ್ಸು, ಬ್ರೌಸರ್ ನಿಲ್ಲಲಿಲ್ಲ. ಕಾರ್ಯದರ್ಶಿಗಳು ಮಾತ್ರ ಒಳ್ಳೆಯ ಪದ್ಯದ ನಡುವೆ ಯಾಕೆ ಕಿತ್ತಿರಿ ಎಂದು ಮುಖ ಗಂಟಿಕ್ಕಿದರು. ಚಹಾ ವಿರಾಮ ಏನೂ ಆಗದೆ ಕಳೆಯಿತು.

ಐದೂವರೆಗೆ ಉಡುಪಿಯಿಂದ ಕರೆ. “ಇವತ್ತು ಇಳಿಸಿಬಿಟ್ಟಿದ್ದೀರಲ್ಲ. ಬಿಳಿ ಎರಡಕ್ಕೆ ಬಂದಿದೆ.”

ಎದೆ ಧಸಕ್ಕೆಂದಿತು. ಲಾಗ್ ನೋಡಿದೆ, ಸ್ವಚ್ಛವಾಗಿತ್ತು. ಪ್ರಕಟಣೆಯ ಕಡತದ ದರ ನೋಡಿದೆ, ಧ್ವನಿಪೆಟ್ಟಿಗೆಯ ದರ ನೋಡಿದೆ, ಆ ಹಳೆಯ ಆ್ಯಪ್‌ನಲ್ಲಿ ಮೊದಲಿನಿಂದ ತೆರೆದು ಕೇಳಿದೆ, ನಡುವಿನಲ್ಲಿ ತೆರೆದು ಕೇಳಿದೆ. ಅರ್ಧ ಗಂಟೆ ಹೀಗೆ ಹೋಯಿತು. ಕೊನೆಗೆ ಬೇರೆ ದಾರಿ ಕಾಣದೆ, ಅರ್ಥಧಾರಿಗಳ ಮಾತು ನಡೆಯುವಾಗ ಬಗ್ಗಿಕೊಂಡು ವೇದಿಕೆಯ ಬದಿಗೆ ಹೋಗಿ ಶ್ರುತಿಪೆಟ್ಟಿಗೆ ಇಣುಕಿದೆ. ಬಿಳಿ ಎರಡರಲ್ಲಿತ್ತು. ಭಾಗವತರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ, “ನಿನ್ನೆಯಿಂದ ನೆಗಡಿ, ಅರ್ಧ ಇಳಿಸಿದ್ದೇನೆ. ಯಾಕೆ, ಅಲ್ಲಿ ಯಾರಾದರೂ ಹೇಳಿದರೇ?” ಎಂದು ಪಿಸುಗುಟ್ಟಿದರು.